ಗಸ್ಪಾಚೊ

ಗಸ್ಪಾಚೊ ಸ್ಪೇನ್ ದೇಶದ ದಕ್ಷಿಣ ತುದಿಯಲ್ಲಿರುವ ಆಂಡಲೂಸಿಯ ಪ್ರಾಂತದ ಒಂದು ತಣ್ಣನೆಯ ಸೂಪ್. ಚೆನ್ನಾಗಿ ಹಣ್ಣಾದ ಟೊಮ್ಯಾಟೊ, ಸೌತೆಕಾಯಿ, ಹಸಿರು ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿ ಮತ್ತು ತಂಗಳು ಬ್ರೆಡ್ಡನ್ನು ಆಲಿವ್ ಎಣ್ಣೆ, ವಿನೆಗರ್, ಉಪ್ಪು ಹಾಗೂ ನೀರಿನೊಡನೆ ಅರೆದು ಇದನ್ನು ತಯಾರಿಸುತ್ತಾರೆ. ಯಾವ ಹಂತದಲ್ಲಿಯೂ ಇದನ್ನು ಬೇಯಿಸುವುದಿಲ್ಲ. ಬೇಸಿಗೆಯಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ದಾಟುವ ಗ್ವಾದಲ್ಕಿವೀರ್ ನದಿಯ ಬಯಲಿನಲ್ಲಿ, ಅಂದರೆ ಸೆವಿಲ್ ಮತ್ತು ಕೋರ್ದೊಬಾ ನಗರಗಳ ಸುತ್ತಮುತ್ತ, ಇದು ಬೇಸಿಗೆ ಮುಗಿಯುವವರೆಗೂ ಮನೆಮನೆಯ ನಿತ್ಯದ ಆಹಾರ. ಊಟದ ಆರಂಭದಲ್ಲಿ ಬಟ್ಟಲಿಗೆ ಬಡಿಸುವುದೂ ಉಂಟು, ಬಾಯಾರಿದಾಗ ಲೋಟಕ್ಕೆ ಸುರಿದು ಕುಡಿಯುವುದೂ ಉಂಟು.

ಪಾಕಪುಸ್ತಕಗಳು ಗಸ್ಪಾಚೊವನ್ನು ಸಾಮಾನ್ಯವಾಗಿ ಟೊಮ್ಯಾಟೊ ಸೂಪ್ ಎಂದೇ ಪರಿಚಯಿಸುತ್ತವೆ. ಇಂದಿನ ರೂಪಕ್ಕೆ ಈ ಪರಿಚಯ ಒಪ್ಪುತ್ತದೆಯಾದರೂ ಇತಿಹಾಸಕ್ಕೆ ಒಪ್ಪುವುದಿಲ್ಲ. ಟೊಮ್ಯಾಟೊ ಇದರಲ್ಲಿ ಸೇರುವುದಕ್ಕೆ ಬಹುಕಾಲ ಮೊದಲೇ ಗಸ್ಪಾಚೊ ಇತ್ತು. ಆಗ ಅದು ಬ್ರೆಡ್, ಬೆಳ್ಳುಳ್ಳಿ, ಎಣ್ಣೆ, ವಿನೆಗರ್, ಉಪ್ಪು ಮತ್ತು ನೀರು ಇಷ್ಟರಿಂದಲೇ ಆಗುತ್ತಿದ್ದ, ಬಿಸಿಲಿನಲ್ಲಿ ಗೋಧಿ ಕೊಯ್ಯುವ ಕೂಲಿಗಳ ಊಟವಾಗಿತ್ತು. ಇದರ ಆಧಾರ ತರಕಾರಿಯಲ್ಲ, ಬ್ರೆಡ್. ಈ ಸಂಗತಿ ತಿಳಿದಿದ್ದರೆ ಇದರ ತಯಾರಿಕೆಯ ಕ್ರಮವೂ, ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುವ ಇದರ ಹಲವು ಪ್ರಭೇದಗಳೂ ಸುಲಭವಾಗಿ ಅರ್ಥವಾಗುತ್ತವೆ.

ಹೆಸರು

ಗಸ್ಪಾಚೊ ಎಂಬ ಪದದ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಸ್ಪೇನಿನ ರಾಜ ಅಕಾಡೆಮಿಯ ನಿಘಂಟು ಇದನ್ನು ಮಧ್ಯಯುಗದ ಸ್ಪೇನಿನ ಅರಬ್ಬಿ ಭಾಷೆಯ ಮೂಲಕ ಗ್ರೀಕ್ ಪದವೊಂದರಿಂದ ಬಂದಿರಬಹುದೆಂದು ಸೂಚಿಸುತ್ತದೆ. ಆ ಗ್ರೀಕ್ ಪದಕ್ಕೆ ಚರ್ಚಿನ ಕಾಣಿಕೆ ಪೆಟ್ಟಿಗೆ ಎಂದರ್ಥ. ನಾಣ್ಯ, ಬ್ರೆಡ್ಡಿನ ಚೂರು ಮುಂತಾದ ನಾನಾ ವಸ್ತುಗಳು ಆ ಪೆಟ್ಟಿಗೆಯಲ್ಲಿ ಒಟ್ಟಾಗಿ ಬೀಳುತ್ತಿದ್ದುದರಿಂದ ಹಲವು ಚೂರುಗಳು ಬೆರೆತ ಖಾದ್ಯಕ್ಕೂ ಅದೇ ಹೆಸರು ಬಂದಿತೆಂಬುದು ಈ ವಿವರಣೆ. ಚೂರು, ಉಳಿಕೆ ಎಂಬ ಅರ್ಥದ, ರೋಮನ್ನರಿಗಿಂತ ಹಿಂದಿನ ಸ್ಥಳೀಯ ಶಬ್ದವೊಂದರಿಂದ ಇದು ಹುಟ್ಟಿತೆಂದು ಹೇಳುವವರೂ ಇದ್ದಾರೆ. ಎರಡೂ ವಿವರಣೆಗಳು ಕೊನೆಗೆ ಬಂದು ನಿಲ್ಲುವುದು ಮುರಿದ ಬ್ರೆಡ್ಡಿನ ಬಳಿಯೇ.

ಬರಹದಲ್ಲಿ 'ಜ಼ಡ್' ಅಕ್ಷರವಿರುವ ಈ ಪದದ ನಡುವಿನ ವ್ಯಂಜನವನ್ನು ಉತ್ತರ ಸ್ಪೇನಿನವರು ಹಲ್ಲುಗಳ ನಡುವೆ ನಾಲಗೆಯಿಟ್ಟು ಉಚ್ಚರಿಸುತ್ತಾರೆ. ಸೆವಿಲ್ ಸೇರಿದಂತೆ ಆಂಡಲೂಸಿಯದ ಅನೇಕ ಕಡೆ ಅದು 'ಸ'ಕಾರವೇ ಆಗಿದೆ.

ಇತಿಹಾಸ

ಹಸಿ ಬೆಳ್ಳುಳ್ಳಿ, ಉಪ್ಪು, ಎಣ್ಣೆ, ವಿನೆಗರುಗಳನ್ನು ಒರಳಿನಲ್ಲಿ ಅರೆದು ಬ್ರೆಡ್ಡಿನೊಡನೆ ತಿನ್ನುವ ರೂಢಿ ಮೆಡಿಟರೇನಿಯನ್ ಪ್ರದೇಶದಲ್ಲಿ ಬಹಳ ಹಳೆಯದು. ನೀರಿಗೆ ವಿನೆಗರ್ ಬೆರೆಸಿದ 'ಪೋಸ್ಕ' ಎಂಬ ಪಾನೀಯವು ರೋಮನ್ ಸೈನಿಕರ ದಿನನಿತ್ಯದ ಪೇಯವಾಗಿತ್ತು. ಕ್ರಿ.ಶ. 711ರಿಂದ 1492ರವರೆಗೆ ಬೇರೆ ಬೇರೆ ವಿಸ್ತಾರಗಳಲ್ಲಿ ನಡೆದ ಮುಸ್ಲಿಮ್ ಆಳ್ವಿಕೆಯ ಕಾಲದಲ್ಲಿ ಈ ಪ್ರದೇಶದ ತೋಟಗಾರಿಕೆ ಮತ್ತು ನೀರಾವರಿ ಬಹಳವಾಗಿ ಬೆಳೆದವು. ಗಸ್ಪಾಚೊವನ್ನು ಇವುಗಳಲ್ಲಿ ಯಾವುದೋ ಒಂದರ ನೇರ ಸಂತಾನವೆಂದು ಸಾಧಿಸುವ ಬರಹಗಳು ಹೇರಳವಾಗಿವೆ. ಬ್ರೆಡ್, ಎಣ್ಣೆ ಮತ್ತು ವಿನೆಗರ್ ಮೂರೂ ಸುಲಭವಾಗಿ ಸಿಗುವ ನಾಡಿನಲ್ಲಿ ಇಂತಹ ಆಹಾರ ರೂಪುಗೊಳ್ಳಲು ಒಬ್ಬನೇ ಜನಕ ಬೇಕಾಗಿಲ್ಲ.

ಬರಹದ ಆಧಾರ ಖಚಿತವಾಗಿ ದೊರೆಯುವುದು 17ನೆಯ ಶತಮಾನದ ಆರಂಭದಿಂದ. 1611ರಲ್ಲಿ ಪ್ರಕಟವಾದ ಸೆಬಾಸ್ತಿಯಾನ್ ದೆ ಕೋವರ್ರುಬಿಯಾಸನ ಸ್ಪ್ಯಾನಿಷ್ ನಿಘಂಟಿನಲ್ಲಿ ಈ ಪದಕ್ಕೆ ಅರ್ಥ ಕೊಟ್ಟಿದೆ. ಸುಟ್ಟ ಬ್ರೆಡ್ಡಿನ ಚೂರುಗಳಿಗೆ ಎಣ್ಣೆ, ವಿನೆಗರ್ ಮತ್ತು ಇನ್ನಿತರ ಕೆಲವು ವಸ್ತುಗಳನ್ನು ಬೆರೆಸಿ ಮಾಡುವ ತಿನಿಸು ಅದೆಂದೂ, ಅದು ಕೊಯ್ಲಿನ ಆಳುಗಳ ಮತ್ತು ಒರಟು ಜನರ ಆಹಾರವೆಂದೂ ಅವನು ವಿವರಿಸುತ್ತಾನೆ. ಸ್ಪ್ಯಾನಿಷ್ ಅಕಾಡೆಮಿಯ ಮೊದಲ ನಿಘಂಟಿನ 1734ರ ಸಂಪುಟವೂ ಬೆಳ್ಳುಳ್ಳಿಯನ್ನು ಸೇರಿಸಿ ಹೆಚ್ಚುಕಡಿಮೆ ಇದೇ ಮಾತನ್ನು ಹೇಳುತ್ತದೆ. ಟೊಮ್ಯಾಟೊವಿನ ಉಲ್ಲೇಖ ಎರಡರಲ್ಲಿಯೂ ಇಲ್ಲ.

ಸೆರ್ವಾಂಟೆಸನ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ಎರಡನೆಯ ಭಾಗದಲ್ಲಿ (1615) ಈ ಊಟಕ್ಕೆ ಒಂದು ಗೌರವದ ಸ್ಥಾನವಿದೆ. ಬಾರಾತಾರಿಯ ಎಂಬ 'ದ್ವೀಪ'ದ ರಾಜ್ಯಪಾಲನಾದ ರೈತ ಸಾಂಚೊ ಪಾಂಜನ ಮುಂದೆ ಬಗೆಬಗೆಯ ಭಕ್ಷ್ಯಗಳನ್ನು ಇಡಲಾಗುತ್ತದೆ. ಆದರೆ ಆಸ್ಥಾನ ವೈದ್ಯನು ಆರೋಗ್ಯದ ನೆಪವೊಡ್ಡಿ ಒಂದೊಂದು ತಟ್ಟೆಯನ್ನೂ ಬಾಯಿಗೆ ಬೀಳುವ ಮುನ್ನವೇ ಎತ್ತಿಸಿಬಿಡುತ್ತಾನೆ. ಕೊನೆಗೆ ಅಧಿಕಾರವನ್ನು ತೊರೆದು ಹೊರಡುವಾಗ ಸಾಂಚೊ, ರಾಜ್ಯಪಾಲನ ದಂಡಕ್ಕಿಂತ ಕೈಯಲ್ಲಿ ಕುಡುಗೋಲಿರುವುದೇ ತನಗೆ ತಕ್ಕುದೆಂದೂ, ಹಸಿವಿನಿಂದ ಸಾಯಿಸುವ ವೈದ್ಯನ ಅಧೀನದಲ್ಲಿರುವುದಕ್ಕಿಂತ ಹೊಟ್ಟೆತುಂಬ ಗಸ್ಪಾಚೊ ತಿನ್ನುವುದೇ ಮೇಲೆಂದೂ ಹೇಳುತ್ತಾನೆ. ಸಾಂಚೊ ಲಾ ಮಾಂಚಾ ಪ್ರದೇಶದವನಾದ್ದರಿಂದ ಅವನ ಮನಸ್ಸಿನಲ್ಲಿದ್ದುದು ಅಲ್ಲಿಯ ಬಿಸಿ ಗಸ್ಪಾಚೊ ಎಂದು ವಾದಿಸಲು ಅವಕಾಶವಿದೆ. ಅದೂ ಬಯಲಲ್ಲಿ ದುಡಿಯುವವರ ಬ್ರೆಡ್ಡಿನ ಊಟವೇ.

ಕೂಲಿಗಳ ಊಟ

13ನೆಯ ಶತಮಾನದಲ್ಲಿ ಕ್ರೈಸ್ತ ಅರಸರು ಕೋರ್ದೊಬಾ (1236) ಮತ್ತು ಸೆವಿಲ್ (1248) ನಗರಗಳನ್ನು ಗೆದ್ದ ಮೇಲೆ ಈ ಬಯಲಿನ ಬಹುಪಾಲು ಭೂಮಿ ಸರದಾರರ ಮತ್ತು ಚರ್ಚಿನ ಕೈಸೇರಿತು. ಅಲ್ಲಿಂದ ಮುಂದೆ ಆಂಡಲೂಸಿಯವು ದೊಡ್ಡ ಹಿಡುವಳಿಗಳ ಮತ್ತು ಭೂಮಿಯಿಲ್ಲದ ದಿನಗೂಲಿಗಳ ನಾಡಾಗಿ ಬೆಳೆಯಿತು. ಕೊಯ್ಲಿನ ಕಾಲದಲ್ಲಿ ಆಳುಗಳು ತಂಡತಂಡವಾಗಿ ಬಂದು 'ಕೋರ್ತಿಹೊ' ಎಂದು ಕರೆಯುವ ಒಡೆಯರ ಹೊಲಮನೆಗಳಲ್ಲಿ ಉಳಿಯುತ್ತಿದ್ದರು. ಕೂಲಿಯ ಒಂದು ಭಾಗ ಆಹಾರದ ರೂಪದಲ್ಲಿ ಸಲ್ಲುತ್ತಿತ್ತು. ಆ ಆಹಾರವೆಂದರೆ ಬ್ರೆಡ್, ಎಣ್ಣೆ, ವಿನೆಗರ್, ಬೆಳ್ಳುಳ್ಳಿ ಮತ್ತು ಉಪ್ಪು.

ಈ ಸಾಮಗ್ರಿಗಳಿಂದ ನೆರಳಿಲ್ಲದ ಹೊಲದ ನಡುವೆ, ಬೆಂಕಿಯಿಲ್ಲದೆ, ಗಳಿಗೆಯೊಳಗೆ ಮಾಡಬಹುದಾಗಿದ್ದ ಊಟವೇ ಗಸ್ಪಾಚೊ. 'ದೋರ್ನಿಯೊ' ಎಂಬ ಮರದ ಬೋಗುಣಿಯಲ್ಲಿ ಬೆಳ್ಳುಳ್ಳಿ ಮತ್ತು ಉಪ್ಪನ್ನು ಕುಟ್ಟಿ, ನೆನೆದ ಬ್ರೆಡ್ಡನ್ನು ಹಾಕಿ ಅರೆದು, ಎಣ್ಣೆಯನ್ನು ಬೆರೆಸಿ, ಕೊನೆಗೆ ವಿನೆಗರ್ ಮತ್ತು ನೀರನ್ನು ಸುರಿಯುತ್ತಿದ್ದರು. ಇಡೀ ತಂಡಕ್ಕೆ ಒಂದೇ ಪಾತ್ರೆ. ಸುತ್ತಲೂ ನಿಂತವರು ಸರದಿಯಂತೆ ಮುಂದೆ ಬಂದು ಒಂದು ಚಮಚ ತೆಗೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿಯಬೇಕು. 'ಒಂದು ಚಮಚ, ಒಂದು ಹೆಜ್ಜೆ ಹಿಂದಕ್ಕೆ' ಎಂಬರ್ಥದ ನುಡಿ ಸ್ಪ್ಯಾನಿಷ್‌ನಲ್ಲಿ ಇಂದಿಗೂ ಉಳಿದಿದೆ. ಇದ್ದಷ್ಟು ಆಹಾರ ಎಲ್ಲರಿಗೂ ಸಮನಾಗಿ ಸಿಗುವಂತೆ ನೋಡಿಕೊಳ್ಳುವ ಕಟ್ಟುಪಾಡು ಇದಾಗಿತ್ತು.

ಈ ಊಟವನ್ನು ಹಳ್ಳಿಯ ಸರಳ ಸುಖದ ಚಿತ್ರವೆಂದು ಮಾತ್ರ ಕಾಣುವುದು ತಪ್ಪಾಗುತ್ತದೆ. ವಿಸೆಂತೆ ಬ್ಲಾಸ್ಕೊ ಇಬಾನ್ಯೆಸ್ 1905ರಲ್ಲಿ ಪ್ರಕಟಿಸಿದ, ಹೆರೆಸ್ ಸುತ್ತಲಿನ ಕೂಲಿಗಳ ಬದುಕನ್ನು ಕುರಿತ 'ಲಾ ಬೊದೇಗಾ' ಕಾದಂಬರಿಯಲ್ಲಿ ಇದೇ ಬ್ರೆಡ್ಡಿನ ಗಂಜಿ ಕೂಲಿಗಳ ಬಡತನದ ಗುರುತಾಗಿ ಬರುತ್ತದೆ. ಬಿಸಿಯಾಗಿಯೋ ತಣ್ಣಗೋ ಎಂಬುದಷ್ಟೇ ಅವರ ಒಂದು ಹೊತ್ತಿನ ಊಟಕ್ಕೂ ಇನ್ನೊಂದು ಹೊತ್ತಿನ ಊಟಕ್ಕೂ ಇರುವ ವ್ಯತ್ಯಾಸ.

ಹೊರಗಿನಿಂದ ಬಂದ ಪ್ರವಾಸಿಗರು ಇದನ್ನು ಬೇರೆ ಬೇರೆ ಕಣ್ಣುಗಳಿಂದ ನೋಡಿದ್ದಾರೆ. 1840ರಲ್ಲಿ ಸ್ಪೇನಿನಲ್ಲಿ ಸಂಚರಿಸಿದ ಫ್ರೆಂಚ್ ಲೇಖಕ ತಿಯೋಫಿಲ್ ಗೋತಿಯೆ, ತನ್ನ ದೇಶದಲ್ಲಿ ಚೆನ್ನಾಗಿ ಸಾಕಿದ ನಾಯಿಯೂ ಇಂತಹ ಮಿಶ್ರಣಕ್ಕೆ ಮೂತಿ ಇಡಲಾರದೆಂದು ಹಾಸ್ಯ ಮಾಡಿದನು. ಆದರೆ ರೂಢಿಯಾದ ಮೇಲೆ ಇದು ಇಷ್ಟವಾಗುತ್ತದೆಂದೂ ಅಲ್ಲಿಯೇ ಒಪ್ಪಿಕೊಂಡನು. ಆಂಡಲೂಸಿಯದಲ್ಲಿ ಕೆಲವು ವರ್ಷ ನೆಲೆಸಿದ್ದ ಇಂಗ್ಲಿಷ್ ಲೇಖಕ ರಿಚರ್ಡ್ ಫೋರ್ಡ್ 1846ರ ತನ್ನ ಪುಸ್ತಕದಲ್ಲಿ, ಈ ಹುಳಿಯಾದ ತಂಪು ಆಹಾರವಿಲ್ಲದಿದ್ದರೆ ಕೊಯ್ಲಿನ ಆಳುಗಳು ಅಲ್ಲಿಯ ಬಿಸಿಲನ್ನು ತಾಳಲಾರರೆಂದು ಬರೆದನು. ಇಬ್ಬರ ಮಾತಿನಲ್ಲಿ ಫೋರ್ಡನದೇ ಹೆಚ್ಚು ತೂಕವುಳ್ಳದ್ದು. ಇಬ್ಬರೂ ಈರುಳ್ಳಿ, ಬೆಳ್ಳುಳ್ಳಿ, ಸೌತೆಕಾಯಿ, ಮೆಣಸಿನಕಾಯಿ, ಬ್ರೆಡ್ಡುಗಳ ಹೆಸರು ಹೇಳುತ್ತಾರೆಯೇ ಹೊರತು ಟೊಮ್ಯಾಟೊವನ್ನು ಹೆಸರಿಸುವುದಿಲ್ಲ. ಆ ವೇಳೆಗೆ ಅಮೆರಿಕದ ಒಂದು ಪಾಕಪುಸ್ತಕದಲ್ಲಿ ಟೊಮ್ಯಾಟೊವಿನ ಗಸ್ಪಾಚೊ ಅಚ್ಚಾಗಿ ಇಪ್ಪತ್ತು ವರ್ಷ ಕಳೆದಿತ್ತು.

ಟೊಮ್ಯಾಟೊ ಸೇರಿದುದು

ಟೊಮ್ಯಾಟೊ ಮತ್ತು ದೊಣ್ಣೆಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. 1521ರಲ್ಲಿ ಸ್ಪೇನಿನವರು ಮೆಕ್ಸಿಕೊವನ್ನು ಗೆದ್ದ ನಂತರ ಟೊಮ್ಯಾಟೊ ಯುರೋಪಿಗೆ ಬಂದಿತು. ಅಮೆರಿಕದೊಡನೆ ನಡೆಯುತ್ತಿದ್ದ ಸ್ಪೇನಿನ ವ್ಯಾಪಾರವನ್ನೆಲ್ಲ ನಿಯಂತ್ರಿಸುವ ಕಚೇರಿ 1503ರಿಂದ ಸೆವಿಲ್ ನಗರದಲ್ಲಿಯೇ ಇದ್ದುದರಿಂದ ಹೊಸ ಬೆಳೆಗಳು ಮೊದಲು ಕಾಲಿಟ್ಟ ನೆಲವೂ ಆಂಡಲೂಸಿಯವೇ. ಸೌತೆಕಾಯಿಯ ಮೂಲ ಮಾತ್ರ ಪೂರ್ವಕ್ಕಿದೆ. ಅದನ್ನು ಮೊದಲು ಕೃಷಿಗೆ ಒಗ್ಗಿಸಿದುದು ಭಾರತದಲ್ಲಿ. ಹೀಗೆ ಆಂಡಲೂಸಿಯದ ಕೆಂಪು ಸೂಪಿನಲ್ಲಿ ಆ ಮಣ್ಣಿಗೆ ಹಳೆಯದೆನ್ನಬಹುದಾದುದು ಬ್ರೆಡ್, ಎಣ್ಣೆ, ವಿನೆಗರ್ ಮತ್ತು ಬೆಳ್ಳುಳ್ಳಿ.

ಹುವಾನ್ ದೆ ಲಾ ಮಾತಾ 1747ರಲ್ಲಿ ಪ್ರಕಟಿಸಿದ 'ಆರ್ತೆ ದೆ ರೆಪೋಸ್ತೆರಿಯಾ' ಎಂಬ ಪಾಕಗ್ರಂಥದಲ್ಲಿ ಗಸ್ಪಾಚೊ ಇದೆ. ಸುಟ್ಟ ಬ್ರೆಡ್ಡಿನ ಹೊರಪದರ, ಬೆಳ್ಳುಳ್ಳಿ, ಆಂಚೊವಿ ಮೀನು, ಎಣ್ಣೆ, ವಿನೆಗರ್ ಇವು ಅದರ ಮುಖ್ಯ ಸಾಮಗ್ರಿಗಳು. ಅದೇ ಗ್ರಂಥದಲ್ಲಿ ಟೊಮ್ಯಾಟೊ ಸಾಸ್ ಪ್ರತ್ಯೇಕವಾಗಿ ಇದೆ. ಅಂದರೆ ಲೇಖಕನಿಗೆ ಟೊಮ್ಯಾಟೊ ಗೊತ್ತಿತ್ತು. ಗಸ್ಪಾಚೊವಿಗೆ ಅದು ಬೇಕೆಂದು ಅವನಿಗೆ ತೋರಿರಲಿಲ್ಲ.

ಟೊಮ್ಯಾಟೊ ಸೇರಿದ ಗಸ್ಪಾಚೊವಿನ ಹಳೆಯ ಮುದ್ರಿತ ವಿಧಾನಗಳಲ್ಲಿ ಒಂದು ದೊರೆಯುವುದು ಅಟ್ಲಾಂಟಿಕ್ ಸಾಗರದ ಆಚೆ. ಮೇರಿ ರ‍್ಯಾಂಡಾಲ್ಫ್ ಬರೆದ 'ದಿ ವರ್ಜೀನಿಯಾ ಹೌಸ್‌ವೈಫ್' (1824) ಪುಸ್ತಕದ ಈ ವಿಧಾನದಲ್ಲಿ ಸುಟ್ಟ ಬ್ರೆಡ್ಡಿನ ಮೇಲೆ ಸಿಪ್ಪೆ ತೆಗೆದ ಟೊಮ್ಯಾಟೊ ಮತ್ತು ಸೌತೆಕಾಯಿಯ ಬಿಲ್ಲೆಗಳನ್ನು ಪದರಪದರವಾಗಿ ಜೋಡಿಸಿ, ಬೇಯಿಸಿ ಸೋಸಿದ ಟೊಮ್ಯಾಟೊ ರಸಕ್ಕೆ ಸಾಸಿವೆ ಮತ್ತು ಎಣ್ಣೆ ಬೆರೆಸಿ ಮೇಲೆ ಸುರಿಯಬೇಕು. ಇದು ಸೂಪಿಗಿಂತ ಸಲಾಡಿಗೆ ಹತ್ತಿರ. ಸ್ಪೇನಿನಲ್ಲಿ ಕೆಂಪು ಗಸ್ಪಾಚೊ ಸರ್ವಸಾಮಾನ್ಯವಾದುದು ಬರಬರುತ್ತ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಕಡಲತೀರದ ಪ್ರವಾಸೋದ್ಯಮವು ಇದನ್ನು ಹೋಟೆಲುಗಳಿಗೆ ತಂದರೆ, ವಿದ್ಯುತ್ ಯಂತ್ರಗಳು ನುಣುಪಾದ ಸೂಪನ್ನಾಗಿ ಮಾಡಿದವು. ಗಾಬ್ರಿಯೆಲ್ ಯುಯೆಲೆಸ್ 1959ರಲ್ಲಿ ಬಾರ್ಸಿಲೋನಾದಲ್ಲಿ ರೂಪಿಸಿದ 'ಮಿನಿಪಿಮೆರ್' ಎಂಬ ಕೈಮಿಕ್ಸಿ ಸ್ಪೇನಿನ ಅಡುಗೆಮನೆಗಳಲ್ಲಿ ಎಷ್ಟು ಹರಡಿತೆಂದರೆ ಅಂತಹ ಯಾವುದೇ ಯಂತ್ರಕ್ಕೂ ಅದೇ ಹೆಸರು ನಿಂತಿತು. ಅಲ್ಲಿಯವರೆಗೆ ಗಸ್ಪಾಚೊವಿನಲ್ಲಿ ಬ್ರೆಡ್ಡಿನ ಮತ್ತು ತರಕಾರಿಯ ತುಂಡುಗಳು ಹಲ್ಲಿಗೆ ಸಿಗುತ್ತಿದ್ದುದೇ ಹೆಚ್ಚು.

ತಯಾರಿಕೆ

ನಾಲ್ಕು ಜನರಿಗೆ ಸಾಕಾಗುವ ಗಸ್ಪಾಚೊವಿಗೆ 1 ಕಿಲೋ ಟೊಮ್ಯಾಟೊ, 100ರಿಂದ 150 ಗ್ರಾಂ ತೂಗುವ ಒಂದು ಸಣ್ಣ ಎಳೆಯ ಸೌತೆಕಾಯಿ, ಸುಮಾರು 75 ಗ್ರಾಂ ಹಸಿರು ದೊಣ್ಣೆಮೆಣಸಿನಕಾಯಿ, ಬೆಳ್ಳುಳ್ಳಿಯ ಒಂದು ದಪ್ಪ ಎಸಳು, 50ರಿಂದ 75 ಗ್ರಾಂ ತಂಗಳು ಬ್ರೆಡ್, 75ರಿಂದ 100 ಮಿಲಿಲೀಟರ್ ಆಲಿವ್ ಎಣ್ಣೆ, 2 ದೊಡ್ಡ ಚಮಚ ವಿನೆಗರ್, ಒಂದೂವರೆ ಸಣ್ಣ ಚಮಚ ಉಪ್ಪು ಬೇಕಾಗುತ್ತವೆ. ನೀರಿನ ಅಳತೆ ಟೊಮ್ಯಾಟೊವಿನ ರಸವನ್ನು ಅವಲಂಬಿಸಿದೆ. 100ರಿಂದ 250 ಮಿಲಿಲೀಟರಿನವರೆಗೆ ಹಿಡಿಸಬಹುದು. ಈರುಳ್ಳಿಯನ್ನು ಕೆಲವರು ಸೇರಿಸುತ್ತಾರೆ, ಕೆಲವರು ಸೇರಿಸುವುದೇ ಇಲ್ಲ. ಈ ವಿಷಯದಲ್ಲಿ ಆಂಡಲೂಸಿಯದ ಮನೆಗಳು ಎಂದಿಗೂ ಒಂದಾಗುವಂತೆ ತೋರುವುದಿಲ್ಲ.

ಬೇಯಿಸುವ ಕ್ರಮವಿಲ್ಲದ್ದರಿಂದ ಪದಾರ್ಥಗಳ ದೋಷವನ್ನು ಮರೆಮಾಡಲು ಇಲ್ಲಿ ಅವಕಾಶವಿಲ್ಲ. ಟೊಮ್ಯಾಟೊ ಗಿಡದಲ್ಲಿಯೇ ಪೂರ್ತಿ ಹಣ್ಣಾಗಿರಬೇಕು, ಒತ್ತಿದರೆ ಬೆರಳು ಇಳಿಯುವಷ್ಟು ಮೃದುವಾಗಿದ್ದರೂ ಸರಿಯೆ. ಅದನ್ನು ಮೊದಲೇ ಫ್ರಿಜ್‌ನಲ್ಲಿಟ್ಟರೆ ಪರಿಮಳ ಕುಗ್ಗುತ್ತದೆ; ತಂಪು ಮಾಡಬೇಕಾದುದು ಅರೆದ ಮೇಲೆ. ಕರ್ನಾಟಕದ ಮಾರುಕಟ್ಟೆಗಳಲ್ಲಿ 'ನಾಟಿ' ಎಂದು ಮಾರುವ ಟೊಮ್ಯಾಟೊದಲ್ಲಿ ರಸವೂ ಹುಳಿಯೂ ಹೆಚ್ಚು. ಅದನ್ನು ಬಳಸುವಾಗ ವಿನೆಗರನ್ನು ಅರ್ಧಕ್ಕೆ ಇಳಿಸಿ, ರುಚಿ ನೋಡಿ ಹೆಚ್ಚಿಸುವುದು ಒಳ್ಳೆಯದು. ದಪ್ಪ ಸಿಪ್ಪೆಯ ಹೈಬ್ರಿಡ್ ಜಾತಿಯಾದರೆ ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ ತೆಗೆದು ಸಿಪ್ಪೆ ಸುಲಿಯಬೇಕು. ಸೌತೆಕಾಯಿಯ ತುದಿಯನ್ನು ಕತ್ತರಿಸಿ ಕಹಿಯಿಲ್ಲವೆಂದು ನೋಡಿಕೊಳ್ಳುವುದು ಅಗತ್ಯ. ಕಹಿಯಾದ ಒಂದು ಕಾಯಿ ಇಡೀ ಪಾತ್ರೆಯನ್ನು ಕೆಡಿಸಬಲ್ಲುದು.

ಬ್ರೆಡ್ ಸಿಹಿಯಿಲ್ಲದ್ದಾಗಿರಬೇಕು. ಹಾಲು, ಸಕ್ಕರೆ ಬೆರೆತ ಮೃದುವಾದ ಬ್ರೆಡ್ ಇದಕ್ಕೆ ಹೊಂದುವುದಿಲ್ಲ. ಆಂಡಲೂಸಿಯದಲ್ಲಿ ಹಿಂದಿನ ದಿನದ, ಬಿಗಿಯಾದ ತಿರುಳಿನ ಗೋಧಿ ಬ್ರೆಡ್ ಬಳಸುತ್ತಾರೆ. ಎಣ್ಣೆ ಹಣ್ಣಿನಿಂದ ನೇರವಾಗಿ ಹಿಂಡಿದ, ಶುದ್ಧೀಕರಣಕ್ಕೆ ಒಳಪಡದ 'ಎಕ್ಸ್‌ಟ್ರಾ ವರ್ಜಿನ್' ದರ್ಜೆಯದು. ಸ್ಪೇನ್ ಜಗತ್ತಿನಲ್ಲಿ ಅತಿ ಹೆಚ್ಚು ಆಲಿವ್ ಎಣ್ಣೆ ಉತ್ಪಾದಿಸುವ ದೇಶ. ಅದರಲ್ಲಿ ಬಹುಪಾಲು ಆಂಡಲೂಸಿಯದ್ದು. ವಿನೆಗರ್ ಹೆರೆಸ್ ಪಟ್ಟಣದ ಶೆರಿ ದ್ರಾಕ್ಷಾರಸದಿಂದ ಆಗುವುದಾದರೆ ಶ್ರೇಷ್ಠ. ಅದು ಸಿಗದೆ ಹೋದರೆ ಬೇರಾವುದಾದರೂ ದ್ರಾಕ್ಷಿಯ ವಿನೆಗರ್ ಬಳಸಬಹುದು. ಉಪ್ಪಿನಕಾಯಿಗೆ ಬಳಸುವ ಬಿಳಿಯ ಕೃತಕ ವಿನೆಗರಿನಲ್ಲಿ ಹುಳಿಯಲ್ಲದೆ ಬೇರೆ ಗುಣವಿಲ್ಲ.

ಒರಳಿನ ವಿಧಾನದಲ್ಲಿ ಕ್ರಮವೇ ಮುಖ್ಯ. ಮೊದಲು ಬೆಳ್ಳುಳ್ಳಿಯನ್ನು ಉಪ್ಪಿನೊಡನೆ ಕುಟ್ಟಬೇಕು. ಉಪ್ಪಿನ ಹರಳುಗಳು ಬೆಳ್ಳುಳ್ಳಿ ಜಾರದಂತೆ ಹಿಡಿದು ನುಣ್ಣಗಾಗಲು ನೆರವಾಗುತ್ತವೆ. ಆಮೇಲೆ ಹೆಚ್ಚಿದ ದೊಣ್ಣೆಮೆಣಸಿನಕಾಯಿ, ಅನಂತರ ನೀರಿನಲ್ಲಿ ನೆನೆಸಿ ಹಿಂಡಿದ ಬ್ರೆಡ್. ಇವು ಒಂದೇ ಮುದ್ದೆಯಾದ ಮೇಲೆ ಟೊಮ್ಯಾಟೊವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಅರೆದು, ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡುತ್ತ ಒಂದೇ ದಿಕ್ಕಿನಲ್ಲಿ ತಿರುಗಿಸಬೇಕು. ವಿನೆಗರ್ ಮತ್ತು ನೀರು ಕೊನೆಗೆ. ಈ ವಿಧಾನದಲ್ಲಿ ಸೌತೆಕಾಯಿಯನ್ನು ಅರೆಯದೆ ಸಣ್ಣಗೆ ಹೆಚ್ಚಿ ಮೇಲೆ ಹಾಕುವುದೇ ರೂಢಿ.

ಮಿಕ್ಸಿಯಲ್ಲಿ ಮಾಡುವುದಾದರೆ ತರಕಾರಿಗಳನ್ನು ದಪ್ಪನಾಗಿ ಹೆಚ್ಚಿ, ಉಪ್ಪು, ವಿನೆಗರ್ ಮತ್ತು ಬ್ರೆಡ್ಡಿನೊಡನೆ ಕಲಸಿ ಅರ್ಧ ಗಂಟೆ ಬಿಡುವುದು ಉತ್ತಮ. ಉಪ್ಪು ತರಕಾರಿಯಿಂದ ರಸವನ್ನು ಹೊರಗೆಳೆಯುತ್ತದೆ. ಬ್ರೆಡ್ ಆ ರಸವನ್ನೇ ಹೀರಿ ನೆನೆಯುತ್ತದೆ. ಬ್ರೆಡ್ಡನ್ನು ಬರಿಯ ನೀರಿನಲ್ಲಿ ನೆನೆಸಿದಾಗ ಬರುವ ಸಪ್ಪೆ ಇದರಿಂದ ತಪ್ಪುತ್ತದೆ. ಅನಂತರ ನುಣ್ಣಗೆ ಅರೆದು, ಯಂತ್ರ ತಿರುಗುತ್ತಿರುವಾಗಲೇ ಎಣ್ಣೆಯನ್ನು ನಿಧಾನವಾಗಿ ಸುರಿಯಬೇಕು. ಈ ಹಂತದಲ್ಲಿ ಕಡುಗೆಂಪಾಗಿದ್ದ ಮಿಶ್ರಣ ಕಿತ್ತಳೆ ಬಣ್ಣಕ್ಕೆ ತಿರುಗುವುದನ್ನು ಕಾಣಬಹುದು. ಎಣ್ಣೆ ಅತಿ ಸಣ್ಣ ಹನಿಗಳಾಗಿ ಒಡೆದು ನೀರಿನಂಶದಲ್ಲಿ ಹರಡಿಕೊಳ್ಳುವುದೂ, ಆ ಹನಿಗಳು ಬೆಳಕನ್ನು ಚದುರಿಸುವುದೂ ಇದಕ್ಕೆ ಕಾರಣ. ಹೀಗೆ ಎಣ್ಣೆ ಮತ್ತು ನೀರು ಬೆರೆತು ನಿಂತ ಸ್ಥಿತಿಗೆ ಎಮಲ್ಷನ್ ಎನ್ನುತ್ತಾರೆ. ಅದು ಒಡೆಯದಂತೆ ಹಿಡಿದಿಡುವ ಕೆಲಸ ಬ್ರೆಡ್ಡಿನದು. ತೂಕ ಇಳಿಸುವ ಆಸೆಯಿಂದ ಬ್ರೆಡ್ಡನ್ನು ಬಿಟ್ಟು ಮಾಡಿದ ಗಸ್ಪಾಚೊ ಸ್ವಲ್ಪ ಹೊತ್ತಿನಲ್ಲಿ ಕೆಳಗೆ ನೀರು, ಮೇಲೆ ತಿರುಳು ಎಂದು ಬೇರ್ಪಡುವುದು ಇದರಿಂದಲೇ. ಬೀಜ, ಸಿಪ್ಪೆಗಳ ಚೂರು ಉಳಿದಿದ್ದರೆ ಜರಡಿಯಲ್ಲಿ ಸೋಸಬಹುದು.

ತಯಾರಾದ ಗಸ್ಪಾಚೊವನ್ನು ಕನಿಷ್ಠ ಎರಡು ಗಂಟೆ ತಂಪಿನಲ್ಲಿಡಬೇಕು. ಆಹಾರ ತಣ್ಣಗಾದಷ್ಟೂ ನಾಲಗೆಗೆ ರುಚಿ ಮಂದವಾಗಿ ತಿಳಿಯುವುದರಿಂದ ಉಪ್ಪು, ಹುಳಿಗಳನ್ನು ಬಡಿಸುವ ಮುನ್ನ ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯ. ಬೆಚ್ಚಗಿದ್ದಾಗ ಸರಿಯೆನಿಸಿದ್ದು ತಣಿದ ಮೇಲೆ ಸಪ್ಪೆಯಾಗಿರುತ್ತದೆ. ಮಂಜುಗಡ್ಡೆ ಹಾಕಿದರೆ ಕರಗಿ ತೆಳುವಾಗುತ್ತದೆ. ಹಾಕಲೇಬೇಕೆಂದಿದ್ದರೆ ನೀರಿನ ಅಳತೆಯನ್ನು ಅಷ್ಟು ಕಡಿಮೆ ಮಾಡಿಕೊಳ್ಳಬೇಕು. ಫ್ರಿಜ್ ಇಲ್ಲದ ಕಾಲದಲ್ಲಿ ಗಸ್ಪಾಚೊ ಇಂದಿನಷ್ಟು ತಣ್ಣಗಿರುತ್ತಿರಲಿಲ್ಲ. ಬಾವಿಯ ನೀರು, ಇಲ್ಲವೆ 'ಬೊತೀಹೊ' ಎಂಬ ಮಣ್ಣಿನ ಹೂಜಿಯ ನೀರೇ ಆಗಿನ ತಂಪು. ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ನೀರನ್ನು ತಣಿಸುವ ಈ ಹೂಜಿಯ ತತ್ತ್ವ ನಮ್ಮ ಬೇಸಿಗೆಯ ಮಡಕೆಯದೇ ಆಗಿದೆ.

ಬಡಿಸುವಾಗ ಸಣ್ಣಗೆ ಹೆಚ್ಚಿದ ಸೌತೆಕಾಯಿ, ದೊಣ್ಣೆಮೆಣಸಿನಕಾಯಿ, ಟೊಮ್ಯಾಟೊ, ಈರುಳ್ಳಿ ಮತ್ತು ಬ್ರೆಡ್ಡಿನ ಚೂರುಗಳನ್ನು ಬೇರೆ ಬೇರೆ ಬಟ್ಟಲುಗಳಲ್ಲಿ ಇಡುತ್ತಾರೆ. ತಮಗೆ ಬೇಕಾದುದನ್ನು ತಾವೇ ಹಾಕಿಕೊಳ್ಳುವುದು ವಾಡಿಕೆ.

ಪ್ರಭೇದಗಳು

ಕೋರ್ದೊಬಾದ 'ಸಾಲ್ಮೊರೆಹೊ'ದಲ್ಲಿ ಸೌತೆಕಾಯಿಯೂ ಇಲ್ಲ, ಸೇರಿಸಿದ ನೀರೂ ಇಲ್ಲ. ಟೊಮ್ಯಾಟೊ, ಬೆಳ್ಳುಳ್ಳಿ, ಎಣ್ಣೆ ಮತ್ತು ಹೆಚ್ಚಿನ ಬ್ರೆಡ್ಡಿನಿಂದಾಗುವ ಇದು ಚಮಚದಲ್ಲಿ ನಿಲ್ಲುವಷ್ಟು ಗಟ್ಟಿ. ಮೇಲೆ ಬೇಯಿಸಿದ ಮೊಟ್ಟೆ ಮತ್ತು ಒಣಗಿಸಿದ ಹಂದಿಮಾಂಸದ ಚೂರುಗಳನ್ನು ಉದುರಿಸುತ್ತಾರೆ. ಮಾಲಗ ಜಿಲ್ಲೆಯ ಆಂತೆಕೇರಾ ಪಟ್ಟಣದ 'ಪೋರ್ರಾ' ಇದರ ಹತ್ತಿರದ ಬಂಧು.

'ಆಹೊ ಬ್ಲಾಂಕೊ', ಎಂದರೆ ಬಿಳಿ ಬೆಳ್ಳುಳ್ಳಿ, ಮಾಲಗ ಮತ್ತು ಗ್ರನಾಡಾ ಕಡೆಯದು. ಟೊಮ್ಯಾಟೊವಿನ ಬದಲು ಸಿಪ್ಪೆ ತೆಗೆದ ಹಸಿ ಬಾದಾಮಿಯನ್ನು ಬ್ರೆಡ್, ಬೆಳ್ಳುಳ್ಳಿ, ಎಣ್ಣೆ, ವಿನೆಗರುಗಳೊಡನೆ ಅರೆದು ಮಾಡುವ ಈ ಹಾಲಿನ ಬಣ್ಣದ ಸೂಪನ್ನು ಸಿಹಿ ದ್ರಾಕ್ಷಿಯೊಡನೆ ತಿನ್ನುತ್ತಾರೆ. ಇದರಲ್ಲಿ ಅಮೆರಿಕದಿಂದ ಬಂದ ಒಂದೂ ಪದಾರ್ಥವಿಲ್ಲ. ಆದ್ದರಿಂದ ಹಳೆಯ ಗಸ್ಪಾಚೊ ಹೇಗಿದ್ದಿರಬಹುದೆಂಬುದನ್ನು ತಿಳಿಯಬಯಸುವವರು ನೋಡಬೇಕಾದುದು ಕೆಂಪು ಸೂಪನ್ನಲ್ಲ, ಇದನ್ನು. ಮಾಲಗ ಜಿಲ್ಲೆಯ ಅಲ್ಮಾಚರ್ ಎಂಬ ಹಳ್ಳಿಯಲ್ಲಿ ಇದರ ಹೆಸರಿನಲ್ಲಿ ಪ್ರತಿವರ್ಷ ಉತ್ಸವ ನಡೆಯುತ್ತದೆ.

ಪೋರ್ಚುಗಲ್ಲಿನ ಅಲೆಂತೇಜು ಪ್ರದೇಶದ ಗಸ್ಪಾಚೊದಲ್ಲಿ ತರಕಾರಿಯನ್ನು ಅರೆಯದೆ ಹೆಚ್ಚಿ, ಬ್ರೆಡ್ ತುಂಡು ಮತ್ತು ಒರೆಗಾನೊ ಸೊಪ್ಪಿನೊಡನೆ ತಣ್ಣೀರಿನಲ್ಲಿ ತೇಲಿಬಿಡುತ್ತಾರೆ. ಲಾ ಮಾಂಚಾದ 'ಗಸ್ಪಾಚೊಸ್ ಮಾಂಚೆಗೊಸ್' ಹೆಸರಿನಲ್ಲಷ್ಟೇ ಒಂದಾಗಿರುವಂತೆ ಕಾಣುತ್ತದೆ. ಅದು ಮೊಲ, ಕೌಜುಗದಂತಹ ಬೇಟೆಯ ಮಾಂಸದ ಬಿಸಿ ಸಾರು. ಅದರೊಳಗೆ ಹುಳಿ ಬರಿಸದ ಹಿಟ್ಟಿನ ತೆಳು ರೊಟ್ಟಿಯ ಚೂರುಗಳಿರುತ್ತವೆ. ಎರಡನ್ನೂ ಬೆಸೆಯುವುದು ಮುರಿದ ರೊಟ್ಟಿ. ಕಲ್ಲಂಗಡಿ, ಖರ್ಬೂಜ, ಸ್ಟ್ರಾಬೆರಿ ಮುಂತಾದ ಹಣ್ಣುಗಳ ಗಸ್ಪಾಚೊಗಳು ಇತ್ತೀಚಿನ ಹೋಟೆಲುಗಳ ಸೃಷ್ಟಿ.

ಆಹಾರಗುಣ ಮತ್ತು ಸಂಗ್ರಹ

ಟೊಮ್ಯಾಟೊ ಮತ್ತು ಸೌತೆಕಾಯಿ ಎರಡರಲ್ಲಿಯೂ ತೂಕದ ಶೇಕಡಾ 94ಕ್ಕಿಂತ ಹೆಚ್ಚು ಭಾಗ ನೀರೇ ಇದೆ. ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಗಸ್ಪಾಚೊ ಒಟ್ಟಿಗೆ ತುಂಬಿಕೊಡುತ್ತದೆ. ಬ್ರೆಡ್ ಮತ್ತು ಎಣ್ಣೆ ದುಡಿಮೆಗೆ ಬೇಕಾದ ಶಕ್ತಿಯನ್ನು ಕೊಡುತ್ತವೆ. ಬೇಯಿಸದ ಕಾರಣ ಸಿ ಜೀವಸತ್ವ ಬಿಸಿಯಿಂದ ನಷ್ಟವಾಗುವುದಿಲ್ಲ. ಟೊಮ್ಯಾಟೊಗೆ ಕೆಂಪು ಬಣ್ಣ ನೀಡುವ ಲೈಕೊಪೀನ್ ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆಯ ಜೊತೆಯಲ್ಲಿ ದೇಹ ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಗಸ್ಪಾಚೊ ತಿಂದು ಅಜೀರ್ಣವಾದವರಿಲ್ಲ ಎಂಬ ಗಾದೆ ಸ್ಪೇನಿನಲ್ಲಿದೆ. ಹಸಿ ಬೆಳ್ಳುಳ್ಳಿ ಒಗ್ಗದವರು ಅದನ್ನು ಪೂರ್ತಿಯಾಗಿ ನಂಬಬೇಕಾಗಿಲ್ಲ. ಅಂಥವರು ಎಸಳಿನ ನಡುವಿನ ಹಸಿರು ಮೊಳಕೆಯನ್ನು ತೆಗೆದು ಬಳ‍ಸುತ್ತಾರೆ. ರಕ್ತದೊತ್ತಡಕ್ಕಾಗಿ ಉಪ್ಪು ಮಿತಿಗೊಳಿಸಬೇಕಾದವರು ಅಂಗಡಿಯ ಪೊಟ್ಟಣಗಳ ಮೇಲಿನ ಉಪ್ಪಿನ ಪ್ರಮಾಣವನ್ನು ಗಮನಿಸುವುದು ಒಳ್ಳೆಯದು.

ಸ್ಪೇನಿನ ಅಂಗಡಿಗಳಲ್ಲಿ ಇಂದು ಗಸ್ಪಾಚೊ ಹಾಲಿನಂತೆ ರಟ್ಟಿನ ಪೊಟ್ಟಣಗಳಲ್ಲಿ ಸಿಗುತ್ತದೆ. ಅದು ಪಾಶ್ಚರೀಕರಣಗೊಂಡದ್ದು. ಮನೆಯಲ್ಲಿ ಮಾಡಿದ್ದು ಹಸಿಯಾಗಿರುವುದರಿಂದ ತರಕಾರಿಗಳನ್ನು ಕುಡಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ಸೇರಿಸುವ ನೀರು ಶುದ್ಧವಾಗಿರುವಂತೆ ನೋಡಿಕೊಳ್ಳುವುದು ಮುಖ್ಯ. ವಿನೆಗರಿನ ಹುಳಿ ಕೆಡುವುದನ್ನು ತಡೆಯುವುದಿಲ್ಲ, ತಡಮಾಡುತ್ತದೆ ಅಷ್ಟೆ. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಫ್ರಿಜ್‌ನೊಳಗೆ ಎರಡು ದಿನ ಇಡಬಹುದು. ಎರಡನೆಯ ದಿನ ಬೆಳ್ಳುಳ್ಳಿಯ ಖಾರ ಮುಂದಾಗುತ್ತದೆ.

ಚಲನಚಿತ್ರದಲ್ಲಿ

ಪೆದ್ರೊ ಅಲ್ಮೊದೋವರ್ ನಿರ್ದೇಶಿಸಿದ 1988ರ ಸ್ಪ್ಯಾನಿಷ್ ಚಿತ್ರ 'ವಿಮೆನ್ ಆನ್ ದ ವರ್ಜ್ ಆಫ್ ಎ ನರ್ವಸ್ ಬ್ರೇಕ್‌ಡೌನ್'ನಲ್ಲಿ ಗಸ್ಪಾಚೊ ಕಥೆಯ ಒಂದು ಪಾತ್ರವೇ ಆಗಿದೆ. ನಾಯಕಿ ಪೆಪಾ ತನ್ನನ್ನು ತೊರೆದ ಪ್ರಿಯಕರನಿಗಾಗಿ ಮಿಕ್ಸಿಯಲ್ಲಿ ನಿದ್ರೆಮಾತ್ರೆಗಳನ್ನು ಬೆರೆಸಿದ ಗಸ್ಪಾಚೊ ತಯಾರಿಸಿಡುತ್ತಾಳೆ. ಅವನು ಬರುವುದೇ ಇಲ್ಲ. ಮನೆಗೆ ಬಂದ ಬೇರೆಯವರು, ವಿಚಾರಣೆಗೆಂದು ಬಂದ ಪೊಲೀಸರು ಸಹ, ಅದನ್ನು ಕುಡಿದು ನಿದ್ರೆಗೆ ಜಾರುತ್ತಾರೆ. ಅದರಲ್ಲಿ ಏನೇನಿದೆ ಎಂದು ಕೇಳಿದಾಗ ಅವಳು ಟೊಮ್ಯಾಟೊವಿನಿಂದ ಆರಂಭಿಸಿ ತಂಗಳು ಬ್ರೆಡ್ ಮತ್ತು ನೀರಿನವರೆಗೆ ಪೂರ್ತಿ ಪಟ್ಟಿಯನ್ನು ಒಪ್ಪಿಸುತ್ತಾಳೆ. ಮಾತ್ರೆಗಳನ್ನು ಬಿಟ್ಟರೆ ಅದು ಸರಿಯಾದ ಪಾಕವಿಧಾನ.